ಇಂತಿ ತಮ್ಮ ವಿಧೇಯಳು

ನಾಲ್ಕು. ಒಂದಲ್ಲ, ನಾಲ್ಕು ಮುಚ್ಚಳಿಕೆ ಬರೆದೆ ನಾನು. ರಾತ್ರಿಯೆಲ್ಲ ನಿದ್ದೆ ಇಲ್ಲ, ಕಣ್ಣು ಮುಚ್ಚಿದ್ರೆ ನನ್ನದೇ ಅಕ್ಷರ ಎದುರಿಗೆ ಬಂದು ನಿಲ್ಲುತ್ತೆ. ದುಂಡಗೆ, ಒಂದು ಒತ್ತಕ್ಷರ ತಪ್ಪಿಲ್ಲ, ಎಡಗಡೆ ಮಾರ್ಜಿನ್ ಬೇರೆ ಬಿಟ್ಟಿದೀನಿ. ಪೊಲೀಸ್ ಸ್ಟೇಷನ್ ಬೆಂಚಿನ ಮೇಲೆ ಕೂತು ಮಾರ್ಜಿನ್ ಬಿಟ್ಟು ಬರೆದಿದೀನಿ ನೋಡಿ, ನನ್ನ ಜನ್ಮಕ್ಕಿಷ್ಟು!

ನಮ್ಮ ಬೀದಿ ಲೈಬ್ರರಿ ಮುಚ್ಚಿದ ಕಥೆ ಪೂರ್ತಿ ಹೇಳಲ್ಲ. ಬೀಗ ಬಿದ್ದು ಎಷ್ಟು ದಿನ ಆಯ್ತು, ಲೈಬ್ರರಿಯವನು ಎಷ್ಟು ಸಲ "ಮುಂದಿನ ವಾರ ಬನ್ನಿ" ಅಂದ, ನಮ್ಮ ಬೀದಿಯವರಿಗೆಲ್ಲ ಬಾಯಿಪಾಠ. ಮಿಕ್ಕವರು ನಿಮ್ಮ ಮನೆ ಆಸ್ತಿ ತೆರಿಗೆ ರಸೀತಿ ತೆಗೆದು ನೋಡಿ. ಗ್ರಂಥಾಲಯ ಕರ ಅಂತ ಒಂದು ಸಾಲಿರುತ್ತೆ, ತೆರಿಗೆಯ ನೂರಕ್ಕೆ 6. ನಾನು ಅದನ್ನ ಒಂದು ವರ್ಷವೂ ತಪ್ಪಿಸಿಲ್ಲ. ದುಡ್ಡು ಕಟ್ಟಿದ ಲೈಬ್ರರಿ ಬಾಗಿಲು ತೆಗೀರಿ ಅಂತ ಒಂದು ರಟ್ಟಿನ ಮೇಲೆ ಬರ್ಕೊಂಡು ಅದೇ ಬಾಗಿಲ ಮುಂದೆ ನಿಂತ್ವಿ. ಮೈಕಿಲ್ಲ, ಘೋಷಣೆ ಇಲ್ಲ, ಬಾವುಟ ಇಲ್ಲ. ರಟ್ಟು ಮೊಮ್ಮಗಳ ಡ್ರಾಯಿಂಗ್ ಪುಸ್ತಕದ ಹಿಂದಿಂದು. ಇಷ್ಟೇ.

ಹೊಯ್ಸಳ ಬಂತು, ಪೊಲೀಸರ ಗಸ್ತು ಗಾಡಿ.

ಇಳಿದವರು ಮೊದಲು ನಮ್ಮನ್ನ ಎಣಿಸಿದ್ರು. ಬೆರಳು ತೋರ್ಸಿ ಎಣಿಸಿದ್ರು, ಪಿಕ್ನಿಕ್ಕಿಗೆ ಬಸ್ ಹತ್ತಿಸೋವಾಗ ನಾನು ಮಕ್ಕಳನ್ನ ಎಣಿಸ್ತಿದ್ದ ಹಾಗೆ. "ಐದು ಜನ ಇದೀರಾ. ಐದು ಜನ ಸೇರಿದ್ರೆ ಅಕ್ರಮ ಕೂಟ, ಗೊತ್ತಾ?" ನಾನೂ ಎಣಿಸ್ದೆ. ನಾನು, ಎದುರುಮನೆ ತಾತ, ಟೈಲರ್, ಪಿಯುಸಿ ಓದೋ ಹುಡುಗಿ. ಐದನೆಯವಳು ಯಾರು ಅಂದ್ರೆ, ಆ ಗೋಡೆಗೆ ಒರಗಿ ವರ್ಷಗಟ್ಟಲೆಯಿಂದ ಹೂ ಕಟ್ಟೋ ಹೆಂಗಸು! ಅವಳು ಗಾಬರಿಯಾಗಿ "ನಾನು ಹೂವಿನೋಳು ಸಾರ್" ಅಂತ ಮೊಳ ಎತ್ತಿ ತೋರಿಸಿದ್ಲು. ಬಿಟ್ರು. ಹಾಗಾದ್ರೆ ನಾಲ್ಕೇ ಜನ ಆಯ್ತಲ್ಲ ಸಾರ್ ಅಂದೆ ನಾನು. ಅಕ್ರಮ ಕೂಟ ಆಗೋಕೆ ಐದು ಜನ ಸಾಲ್ದು, ಐದೂ ಜನರ ಉದ್ದೇಶ ಅಕ್ರಮ ಆಗಿರ್ಬೇಕು, ಭಾರತೀಯ ನ್ಯಾಯ ಸಂಹಿತೆ 189ನೇ ಕಲಮು ನೋಡಿ ಅಂದೆ. ಅಂದೆ ನಿಜ, ಮೇಷ್ಟ್ರು ಬುದ್ಧಿ ಬಿಡುತ್ತಾ?

"ಲೆಕ್ಕ ಸ್ಟೇಷನ್ನಲ್ಲಿ ಮಾಡೋಣ ಬನ್ನಿ ಅಮ್ಮ."

ನಾನು ಇನ್ನೂ ಒಂದು ಮಾತು ಕೇಳಿದೆ, ಇಲ್ಲಿ ನಿಲ್ಲೋದ್ರಲ್ಲಿ ಏನು ತಪ್ಪು ಅಂತ. ಪ್ರತಿಭಟನೆ ಮಾಡೋದಿದ್ರೆ ಫ್ರೀಡಂ ಪಾರ್ಕಲ್ಲಿ ಮಾಡ್ಬೇಕು, 2021ರ ಆದೇಶ ಇದೆ ಅಂದ್ರು. ಇದೆ, ನಂಗೂ ಗೊತ್ತು. ಟ್ರಾಫಿಕ್ಕಿಗೆ ತೊಂದ್ರೆ ಆಗುತ್ತೆ ಅಂತ ಬೆಂಗಳೂರಿನ ಸಿಟ್ಟನ್ನೆಲ್ಲ ಒಂದೇ ಕಾಂಪೌಂಡಿನೊಳಗೆ ಕೂರಿಸಿದ ಆದೇಶ. ಆದ್ರೆ ಸ್ವಾಮಿ, ನಮ್ಮ ಬೀಗ ಇರೋದು ಇಲ್ಲಿ. ಫ್ರೀಡಂ ಪಾರ್ಕಿಗೆ ಹೋಗಿ ಯಾವ ಬಾಗಿಲು ತೋರಿಸ್ಲಿ? ಅಲ್ಲಿರೋದು ಹಳೇ ಸೆಂಟ್ರಲ್ ಜೈಲಿನ ಬಾಗಿಲು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ದಂಡವತೆ ಅವರನ್ನೆಲ್ಲ ಕೂಡಿಹಾಕಿದ ಜೈಲು. ನಟಿ ಸ್ನೇಹಲತಾ ರೆಡ್ಡಿ ಅವರನ್ನ ಅಸ್ತಮಾ ಇದ್ರೂ ಇಟ್ಕೊಂಡು, ಪೂರ್ತಿ ಸೊರಗಿದ್ಮೇಲೆ ಹೊರಗೆ ಬಿಟ್ಟು, 1977ರ ಜನವರಿಯಲ್ಲಿ ಅವರು ತೀರಿಕೊಳ್ಳೋ ಹಾಗಾದ ಜೈಲು. ಅದಕ್ಕೆ ಗಿಡ ನೆಟ್ಟು, ಸ್ವಾತಂತ್ರ್ಯ ಅಂತ ಹೆಸರಿಟ್ಟು, ನಿಮ್ಮ ಸ್ವಾತಂತ್ರ್ಯ ಅಲ್ಲಿ ಹೋಗಿ ತಗೊಳ್ಳಿ ಅಂತಾರೆ.

ಇದನ್ನೆಲ್ಲ ಅವರಿಗೆ ಹೇಳಿದೆ ಅಂದ್ಕೋಬೇಡಿ. ಈಗ, ಮನೇಲಿ ಕೂತು, ಇಲ್ಲಿ ಹೇಳ್ತಾ ಇದೀನಿ. ಅಲ್ಲಿ ಗಾಡಿ ಹತ್ತಿದೆ. ತಾತನಿಗೆ ಕೈ ಕೊಟ್ಟು ಹತ್ತಿಸ್ದೆ ಕೂಡ. ಬೀದಿಯವರೆಲ್ಲ ಗೇಟಿಗೆ ಬಂದು ನಿಂತು ನೋಡಿದ್ರು. ಹಾಲಿನ ಅಂಗಡಿಯವನು ಮೊಬೈಲ್ ಎತ್ತಿ ವಿಡಿಯೋ ಮಾಡ್ದ. ಮಾಡ್ಲಿ ಬಿಡಿ.

ಸ್ಟೇಷನ್ನಲ್ಲಿ ಯಾರೂ ಕೆಟ್ಟದಾಗಿ ಮಾತಾಡಿಲ್ಲ, ಅದನ್ನ ಹೇಳಲೇಬೇಕು. ಕೂರ್ಸಿದ್ರು. ಟೀ ತರಿಸಿದ್ರು. ಸಿನಿಮಾದಲ್ಲಾದ್ರೆ ಇಷ್ಟೊತ್ತಿಗೆ ಇನ್ಸ್‌ಪೆಕ್ಟರು ಎದ್ದು ಬಂದು "ಮೇಡಂ, ನಾನು ನಿಮ್ಮ ಶಿಷ್ಯ" ಅಂತ ಕಾಲಿಗೆ ಬೀಳ್ಬೇಕಿತ್ತು. ನಾನೂ ನಾಚಿಕೆ ಬಿಟ್ಟು ಒಬ್ಬೊಬ್ಬರ ಮುಖ ನೋಡ್ತಾ ಕೂತೆ, ಯಾರಾದ್ರೂ ನಮ್ಮ ಸ್ಕೂಲಿನ ಹುಡುಗ ಇದಾನಾ ಅಂತ. 28 ವರ್ಷ ಹೈಸ್ಕೂಲಲ್ಲಿ ಸಮಾಜ, ಕನ್ನಡ ಎರಡೂ ಮಾಡಿದೀನಿ, ಒಬ್ಬನೂ ಇರ್ಬಾರ್ದಾ? ಇರಲಿಲ್ಲ.

ನಮ್ಮನ್ನ ಅರೆಸ್ಟ್ ಮಾಡಿದೀರಾ ಅಂತ ಕೇಳಿದೆ. ಇಲ್ಲ, ವಶಕ್ಕೆ ತಗೊಂಡಿದೀವಿ. ಹಾಗಂದ್ರೆ? ಹಾಗಂದ್ರೆ ಅರೆಸ್ಟ್ ಅಲ್ಲ. ಹಾಗಾದ್ರೆ ಮನೆಗೆ ಹೋಗ್ಬಹುದಾ? ಹೋಗೋ ಹಾಗಿಲ್ಲ. ಅರೆಸ್ಟ್ ಆಗಿದ್ರೆ ಯಾಕೆ ಅಂತ ಕಾರಣ ಹೇಳ್ಬೇಕು, ಮನೆಯವರಿಗೆ ತಿಳಿಸ್ಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ಬೇಕು. ಅರೆಸ್ಟ್ ಅಲ್ಲ ಅಂದ್ಬಿಟ್ರೆ ಟೀ ಕೊಟ್ರೆ ಸಾಕು.

ಆಮೇಲೆ ಮೊಬೈಲ್ ಕೇಳಿದ್ರು. ನಿಮ್ಮ ಹಿಂದೆ ಯಾವ ಸಂಘಟನೆ ಇದೆ ನೋಡ್ಬೇಕು ಅಂತ. "ಬೆರಳು ಒತ್ತಿ" ಅಂದ್ರು. ಒತ್ತಿದೆ. ಆ ಹುಡುಗ ನನ್ನ ವಾಟ್ಸಾಪ್ ತೆಗೆದು ಕೆಳಗೆ ಮೇಲೆ ತಳ್ಳಿ ನೋಡ್ದ. ಅದರಲ್ಲಿ ಏನಿರುತ್ತೆ, ಹುಣಸೆಹಣ್ಣು ಯಾರಿಗೆ ಬೇಕು, ನೀರು ಎಷ್ಟೊತ್ತಿಗೆ ಬಿಡ್ತಾರೆ, ನಮ್ಮಕ್ಕನ ಮಂಡಿನೋವಿನ ಎಕ್ಸ್‌ರೇ. ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ಜಡ್ಜುಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ಕ್ಕೆ. ಕೋರ್ಟಿಗೆ ಹೋದವರು ನಮ್ಮ ಪುಟ್ಟಸ್ವಾಮಿಯವರು, ಇದೇ ರಾಜ್ಯದ ಹೈಕೋರ್ಟಿನ ನಿವೃತ್ತ ಜಡ್ಜು. ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. 86ರಲ್ಲಿ ಅವರು ಕೇಂದ್ರ ಸರ್ಕಾರದ ಎದುರು ನಿಂತ್ರು. ನಾನು 61ಕ್ಕೆ, ಮೀಸೆ ಸರಿಯಾಗಿ ಬರದ ಹುಡುಗ ಬೆರಳು ಒತ್ತಿ ಅಂದ್ರೆ ಒತ್ತಿದೆ. ಬೆರಳು ಒದ್ದೆಯಾಗಿತ್ತು, ಮೊದಲನೇ ಸಲ ಓಪನ್ ಆಗ್ಲಿಲ್ಲ. ಸೆರಗಿಗೆ ಒರೆಸ್ಕೊಂಡು ಮತ್ತೆ ಒತ್ತಿದೆ!

ಈಗ ಆ ಮುಚ್ಚಳಿಕೆ ವಿಷಯ. ಅದನ್ನ ಹೇಳೋಕೇ ಇಷ್ಟೊತ್ತು ಸುತ್ತಿ ಬಳಸ್ತಾ ಇದೀನಿ.

ಬರ್ಕೊಟ್ಟು ಹೋಗಿ ಅಂದ್ರು. ಒಬ್ಬ ಕಾನ್‌ಸ್ಟೇಬಲ್ ಒಂದು ಹಳೇ ಕಾಗದ ಹಿಡ್ಕೊಂಡು ಓದೋನು, ನಾವು ಬರೆಯೋದು. ಅದು ರೌಡಿಗಳಿಗೆ ಬರೆಸೋ ನಮೂನೆ ಇರ್ಬೇಕು. "ಇನ್ನು ಮುಂದೆ ಅಕ್ಕಪಕ್ಕದವರೊಂದಿಗೆ ಜಗಳ ಗಲಾಟೆ ಮಾಡುವುದಿಲ್ಲ, ಅವಾಚ್ಯ ಶಬ್ದಗಳಿಂದ ನಿಂದಿಸುವುದಿಲ್ಲ" ಅಂತ ಶುರುವಾಯ್ತು. ನಾನು ಯಾರನ್ನ ನಿಂದಿಸಿದೆನಪ್ಪಾ ಅಂದೆ. "ಇರಲಿ ಬರೀರಿ ಅಮ್ಮ, ಎಲ್ಲಾರ್ಗೂ ಅದೇ." ಅವನ ಕೈಲಿದ್ದ ಕಾಗದದಲ್ಲಿ "ಸಾರ್ವಜನಿಕ ಶಾಂತಿಗೆ ಭಂಗ" ಅನ್ನೋದು "ಸಾರ್ವಜನಿಕ ಶಾಂತಿಗೇ ಬಂಗ" ಅಂತ ಇತ್ತು. ನನ್ನ ಕಣ್ಣು ಅಲ್ಲಿಗೇ ಹೋಯ್ತು. ನಾನು ಸುಮ್ನಿರ್ಬೇಕಿತ್ತು. "ಬಂಗ ಅಲ್ಲಪ್ಪ, ಭಂಗ. ಮಹಾಪ್ರಾಣ" ಅಂದೆ.

ಅವನು ಕಾಗದ ನೋಡ್ದ, ನನ್ನ ನೋಡ್ದ. ಎಷ್ಟು ಪ್ರೀತಿಯಿಂದ ನಕ್ಕ ಅಂದ್ರೆ! "ಮೇಡಂ ಟೀಚರಾ? ಎಷ್ಟು ಮುದ್ದಾಗಿ ಬರೀತೀರಾ. ಇವರದ್ದೂ ನೀವೇ ಬರ್ದುಬಿಡಿ, ಬೇಗ ಆಗುತ್ತೆ."

ಬೇಡ ಅನ್ನಬಹುದಿತ್ತು. ಪೆನ್ನು ಕೆಳಗಿಟ್ಟು ಕೂರಬಹುದಿತ್ತು. ತಾತನಿಗೆ ಕೈ ನಡುಗುತ್ತೆ, ಟೈಲರಿಗೆ ಓದೋಕೆ ಬರುತ್ತೆ ಬರೆಯೋದು ಕಷ್ಟ, ಹುಡುಗಿಗೆ ಸಂಜೆ ಟ್ಯೂಷನ್ ಇತ್ತು, ಇದೆಲ್ಲ ನಿಜ. ಆದ್ರೆ ಅದಕ್ಕೆ ಬರೆದೆ ಅಂತ ನಾನು ಹೇಳಿದ್ರೆ ಸುಳ್ಳಾಗುತ್ತೆ. ಅಕ್ಷರ ಚೆನ್ನಾಗಿದೆ ಅಂದನಲ್ಲ, ಅದಕ್ಕೆ ಬರೆದೆ! ಹಿಗ್ಗಿ ಬರೆದೆ. ಹುಡುಗಿದು ಬರೆಯೋವಾಗ ಒಂದು ಕಡೆ ಕಾಟು ಬಂತು ಅಂತ ಹೊಸ ಹಾಳೆ ಕೇಳಿದೆ. ಕೊಟ್ಟ. ಹುಡುಗಿ ನನ್ನ ಪಕ್ಕದಲ್ಲೇ ಕೂತು ನೋಡ್ತಾ ಇದ್ಲು. ಏನೂ ಅನ್ಲಿಲ್ಲ ಅವಳು. ರಟ್ಟಿನ ಮೇಲೆ ದೊಡ್ಡದಾಗಿ ಬರ್ಕೊಂಡು ನಿಲ್ಲೋಣ ಬಾ ಅಂತ ಅವಳನ್ನ ಕರ್ಕೊಂಡು ಹೋದವಳು ನಾನೇ.

ಇಷ್ಟೂ ಹೋಗ್ಲಿ ಅಂದ್ರೆ, ಕೊನೇಲಿ ಅವನು "ಸಹಿ ಹಾಕಿ" ಅಂದ. ಬರೀ ಸಹಿ. ನಾನು ಸಹಿಗಿಂತ ಮುಂಚೆ, ಬಲಗಡೆ, ಒಂದರ ಕೆಳಗೊಂದು, "ಇಂತಿ" ಅಂತ ಬರೆದು, ಕೆಳಗೆ "ತಮ್ಮ ವಿಧೇಯಳು" ಅಂತ ಬರೆದೆ.

ಯಾರೂ ಹೇಳಿರಲಿಲ್ಲ. ಅವನ ನಮೂನೆಯಲ್ಲೂ ಅದು ಇರಲಿಲ್ಲ, ಆಮೇಲೆ ನೋಡಿದೆ. ರೌಡಿಗಳು ಕೂಡ ವಿಧೇಯ ಅಂತ ಬರ್ಕೊಡಲ್ಲ. ನಾಲ್ಕರಲ್ಲೂ ಬರೆದೆ, ತಾತನಿಗೆ "ವಿಧೇಯನು" ಅಂತ ಲಿಂಗ ಸರಿ ಮಾಡಿ ಬರೆದೆ.

28 ವರ್ಷ ರಜಾ ಅರ್ಜಿ ಕಲಿಸಿದ್ದರ ಫಲ ಇದು. ಅದೇ ಮಕ್ಕಳಿಗೆ 19ನೇ ವಿಧಿಯನ್ನೂ ಕಲಿಸಿದೀನಿ. ಶಾಂತಿಯುತವಾಗಿ, ಶಸ್ತ್ರಗಳಿಲ್ಲದೆ ಸಭೆ ಸೇರುವ ಹಕ್ಕು. ಎರಡು ಅಂಕ. ಅದರ ಕೆಳಗಿನ "ಸಮಂಜಸ ನಿರ್ಬಂಧಗಳು" ಅನ್ನೋದನ್ನ ಪರೀಕ್ಷೆಗೆ ಬರಲ್ಲ ಬಿಡಿ ಅಂತ ಹಾರಿಸ್ತಿದ್ದೆ. ಎರಡು ಅಂಕದ ಹಕ್ಕು ಪೇಪರಿನಲ್ಲಿ ಉಳೀತು, ವಿಧೇಯ ಮಾತ್ರ ಕೈಬೆರಳಿಗೇ ಇಳಿದಿದೆ.

ನಮ್ಮನೆಯವರು "ಆಯ್ತಲ್ಲ, ಮನೆಗೆ ಬಂದಾಯ್ತಲ್ಲ, ಊಟ ಮಾಡು" ಅಂತಾರೆ. ಮಗ ಫೋನಲ್ಲಿ "ಅಮ್ಮ, ಈ ವಯಸ್ಸಲ್ಲಿ ನಿಂಗ್ಯಾಕೆ ಬೇಕಿತ್ತು, ಕಿಂಡಲ್ ಕೊಡಿಸ್ತೀನಿ" ಅಂದ. ಕಿಂಡಲ್ ಅಂತೆ! ಮಧ್ಯಾಹ್ನ ಪೇಪರ್ ಓದೋಕೆ ಬರ್ತಿದ್ದ ಸೆಕ್ಯುರಿಟಿ ಗಾರ್ಡುಗಳಿಗೆ, ಕೆಪಿಎಸ್‌ಸಿಗೆ ಓದ್ಕೋತಿದ್ದ ಆ ಇಬ್ಬರು ಹುಡುಗರಿಗೆ ಇವನು ಕಿಂಡಲ್ ಕೊಡಿಸ್ತಾನಾ?

ಅವನು ಹೇಳೋದೂ ಸರಿ ಇರಬಹುದು. ಯಾರಿಗೆ ಹೇಳೋದು? 2020ರ ಸೆಪ್ಟೆಂಬರಲ್ಲಿ ಪಾಲಿಕೆ ಅವಧಿ ಮುಗೀತು, ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ, ಬೈಯೋಕೆ ಒಬ್ಬ ಕಾರ್ಪೊರೇಟರಾದ್ರೂ ಬೇಡ್ವಾ? 2025ರಲ್ಲಿ ಒಂದು ಪಾಲಿಕೆ ಒಡೆದು ಐದು ಮಾಡಿದ್ರು. ಐದಾದ್ರೆ ಅಕ್ರಮ ಕೂಟ ಅಂತ ಅವರಿಗ್ಯಾರೂ ಹೇಳ್ಲಿಲ್ಲ ಅನ್ಸುತ್ತೆ.

ಅಲ್ಲ, ನಗೋ ವಿಷಯ ಅಲ್ಲ ಇದು. 2025ರ ಜೂನ್ 4ಕ್ಕೆ ಕ್ರಿಕೆಟ್ ಕಪ್ಪು ಬಂತು ಅಂತ ಚಿನ್ನಸ್ವಾಮಿ ಸ್ಟೇಡಿಯಂ ಮುಂದೆ ಲಕ್ಷಗಟ್ಟಲೆ ಜನ ಸೇರಿದ್ರು, ನೂಕುನುಗ್ಗಲಲ್ಲಿ 11 ಜನ ಸತ್ರು. ಅಲ್ಲಿ ಯಾರು ಎಣಿಸಿದ್ರು ಬೆರಳು ತೋರ್ಸಿ? ಅದೇ ತಿಂಗಳು 25ಕ್ಕೆ, ತುರ್ತುಪರಿಸ್ಥಿತಿಗೆ 50 ವರ್ಷ ತುಂಬಿದ ದಿನಾನೇ, ದೇವನಹಳ್ಳಿಯಲ್ಲಿ ಭೂಮಿ ಕೊಡಲ್ಲ ಅಂತ ಕೂತಿದ್ದ ರೈತರನ್ನ ಎತ್ತಿ ಗಾಡಿಗೆ ಹಾಕಿದ್ರು. ಅವತ್ತು ಪಕ್ಷದವರು ಪ್ರಜಾಪ್ರಭುತ್ವದ ಬಗ್ಗೆ ಭಾಷಣ ಮಾಡಿದ್ರು. ಪಕ್ಷ ಯಾವುದಾದ್ರೇನು, 2019ರ ಡಿಸೆಂಬರಲ್ಲಿ ಬೇರೆ ಪಕ್ಷ ಇತ್ತು, ಟೌನ್‌ಹಾಲ್ ಮುಂದೆ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನ ಮಾತಾಡ್ತಾ ಇರೋವಾಗ್ಲೇ ಎಳ್ಕೊಂಡು ಹೋದ್ರು. ಜನ ಸೇರಬಾರ್ದು ಅಂತ ಹಾಕಿದ್ದ ಆ 144ನೇ ಸೆಕ್ಷನ್ ಆದೇಶವೇ ಕಾನೂನುಬಾಹಿರ ಅಂತ ಹೈಕೋರ್ಟು ಹೇಳ್ತು, ಮುಂದಿನ ಫೆಬ್ರವರಿಗೆ. ಎಳೆದಾಗಿತ್ತಲ್ಲ ಅಷ್ಟೊತ್ತಿಗೆ. ಈಗ 144 ಹೋಗಿ 163 ಅಂತ ಆಗಿದೆ, ನಂಬರ್ ಮಾತ್ರ ಬೇರೆ.

ಆದ್ರೆ ದೇವನಹಳ್ಳಿಯವರು ಗೆದ್ರು. ಅದನ್ನ ನೆನೆಸ್ಕೊಂಡ್ರೇ ನಂಗೆ ಹೊಟ್ಟೆ ಉರಿಯೋದು. 13 ಹಳ್ಳಿ, 1,777 ಎಕರೆ, ಮೂರು ವರ್ಷಕ್ಕೂ ಮೇಲೆ ಕೂತ್ರು. ಎತ್ತಿ ಹಾಕಿದ್ಮೇಲೂ ಫ್ರೀಡಂ ಪಾರ್ಕಿಗೆ ಬಂದು ಕೂತ್ರು, ಜುಲೈ 15ಕ್ಕೆ ಸರ್ಕಾರ ಕೈಬಿಡ್ತೀವಿ ಅಂತು. ಅವರಲ್ಲಿ ಯಾರಾದ್ರೂ ಮಾರ್ಜಿನ್ ಬಿಟ್ಟು ಬರ್ಕೊಟ್ರಾ? ನಾನು ಎರಡೂವರೆ ಗಂಟೆ ಕೂತೆ, ಒಂದು ಟೀಗೆ ನಾಲ್ಕು ಮುಚ್ಚಳಿಕೆ.

ಇನ್ನು ನಾನು ಎಲ್ಲಿಗೂ ಹೋಗಲ್ಲ. ಲೈಬ್ರರಿ ಹಾಳಾಗಿ ಹೋಗ್ಲಿ, ಗೆದ್ದಲಿಗಾದ್ರೂ ಓದೋಕೆ ಪುರುಸೊತ್ತಿದೆ.

ಆದ್ರೆ ಒಂದಕ್ಕೆ ಉತ್ತರ ಕೊಡಿ, ಯಾರಾದ್ರೂ, ವಕೀಲರು ಇದ್ರೆ ಒಳ್ಳೇದು, ಇಲ್ಲಾಂದ್ರೆ ಯಾರಾದ್ರೂ ಸರಿ. ಎಫ್ಐಆರ್ ಇಲ್ಲ, ಅರೆಸ್ಟ್ ಇಲ್ಲ. ಹಾಗಾದ್ರೆ ಆ ಮುಚ್ಚಳಿಕೆ ಯಾವ ಕಾನೂನಿನ ಕೆಳಗೆ ಬರೆಸಿದ್ರು? ಪ್ರತಿ ಕೇಳಿದೆ, "ನಿಮ್ಮದೇ ಅಕ್ಷರ ಅಲ್ವಾ, ನೆನಪಿರುತ್ತೆ" ಅಂದ್ರು. ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕಿದ್ರೆ ಸಿಗುತ್ತಾ? ಇಲ್ಲಾ, ಇನ್ನು ಮುಂದೆ ಇಂಥದ್ದು ಮಾಡಲ್ಲ ಅಂತ ಬರ್ಕೊಟ್ಟವಳು ಅರ್ಜಿ ಹಾಕೋದೂ ಮುಚ್ಚಳಿಕೆ ಉಲ್ಲಂಘನೆ ಆಗುತ್ತಾ? ನಮ್ಮ ರಟ್ಟು ಕೂಡ ಅಲ್ಲೇ ಇದೆ, ಮೊಮ್ಮಗಳು ಆಗ್ಲಿಂದ ಎರಡು ಸಲ ಕೇಳಿದ್ಲು, ಅದರ ಇನ್ನೊಂದು ಕಡೆ ಅವಳು ಬಿಡಿಸಿದ ಆನೆ ಇತ್ತಂತೆ.

ಆ ಅರ್ಜಿ ಶುಲ್ಕಕ್ಕೆ 10 ರೂಪಾಯಿ ಪೋಸ್ಟಲ್ ಆರ್ಡರ್ ತರಿಸಿದೀನಿ. ಹೌದು, ಎಲ್ಲಿಗೂ ಹೋಗಲ್ಲ ಅಂದವಳೇ. ಅರ್ಜಿ ಬರೆದೂ ಆಯ್ತು, ಬೆಳಗ್ಗೆ ಐದು ಗಂಟೆಯಿಂದ ಕೂತು, ಮಾರ್ಜಿನ್ ಬಿಡದೆ. ಕೊನೇ ಸಾಲಿಗೆ ಬಂದು ನಿಂತಿದೀನಿ. ಬಲಗಡೆ "ಇಂತಿ" ಅಂತ ಆಗ್ಲೇ ಬರೆದುಬಿಟ್ಟಿದೆ ಈ ಕೈ. ಅದರ ಕೆಳಗೆ ಏನು ಬರೀಲಿ, ಹೇಳಿ?