ಮಿಯಾಟಾನೋ, ಜಿಆರ್ 86 ಓ: ಸ್ಯಾರಟೋಗ ಘಾಟಿಯಲ್ಲಿ ತೀರ್ಥಹಳ್ಳಿಯವನ ಲೆಕ್ಕ

ಅಕ್ಕಿ ಚೀಲ ಎರಡು, ತರಕಾರಿ ಬ್ಯಾಗು ನಾಲ್ಕು, ಆಮೇಲೆ ಮಾವಿನಹಣ್ಣಿನ ಬಾಕ್ಸು ಹೆಂಡತಿ ತೊಡೆ ಮೇಲೆ. ಮಜ್ದಾ ಮಿಯಾಟಾ ಅನ್ನೋ ಛಾವಣಿ ಮಡಚೋ ಎರಡೇ ಸೀಟಿನ ಸಣ್ಣ ಕಾರಿನ ಡಿಕ್ಕಿ ಅಷ್ಟೇ ಮಾರಾಯ್ರೆ. ಬ್ರೋಷರಲ್ಲಿ 4.6 ಕ್ಯೂಬಿಕ್ ಫೀಟ್ ಅಂತ ಬರೆದಿರ್ತಾರೆ, ಅದರಿಂದ ನಮಗೆಂತ ಗೊತ್ತಾಗ್ತದೆ, ಅದಕ್ಕೇ ಬಾಡಿಗೆ ಕಾರು ತಗೊಂಡು ಇಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲಿನ ಇಂಡಿಯನ್ ಅಂಗಡಿ ಪಾರ್ಕಿಂಗಲ್ಲಿ ನಿಂತು ಒಂದೊಂದೇ ಇಟ್ಟು ನೋಡಿದ್ದು. ಮುಂದಿನ ವಾರ ಟೊಯೋಟಾ ಜಿಆರ್ 86 ಅನ್ನೋ ಸ್ಪೋರ್ಟ್ಸ್ ಕಾರು ಬಾಡಿಗೆಗೆ ತಂದು ಅದೇ ಅಂಗಡಿಗೆ ಹೋದ್ವಿ. ಅದರಲ್ಲಿ ಹಿಂದಿನ ಸೀಟು ಮಡಚಿಬಿಟ್ರೆ ಅಕ್ಕಿ ಚೀಲ ಹತ್ತು ಬೇಕಾದ್ರೂ ಹಿಡೀತದೆ, ರೇಸ್ ಟ್ರ್ಯಾಕಿಗೆ ಹೋಗೋರು ಇನ್ನೊಂದು ಜೊತೆ ಟೈರು, ನಾಲ್ಕಕ್ಕೆ ನಾಲ್ಕೂ, ಒಳಗೇ ಹಾಕ್ಕೊಂಡು ಹೋಗಬಹುದು ಅಂತ ಟೊಯೋಟಾದವರೇ ಹೇಳಿಕೊಳ್ತಾರೆ. ಹೆಂಡತಿ ಅಲ್ಲೇ ತೀರ್ಪು ಕೊಟ್ಟಾಯ್ತು, "ತಗೊಳ್ಳೋದೇ ಆದ್ರೆ ಇದು. ಅದು ಕಾರಲ್ಲ, ಚಪ್ಪಲಿ."

ಮನೆಯಲ್ಲಿ ಏಳು ಸೀಟಿನ ಹೈಬ್ರಿಡ್ ಗಾಡಿ ಒಂದಿದೆ, ಮಕ್ಕಳ ಸ್ಕೂಲು, ಏರ್‌ಪೋರ್ಟು, ಕನ್ನಡ ಕೂಟದ ಪಾತ್ರೆ ಸಾಗಿಸೋದು ಎಲ್ಲ ಅದೇ ಮಾಡ್ತದೆ. ನಂಗೆ ಬೇಕಾಗಿದ್ದು ಆಫೀಸಿಗೆ ಹೋಗಿಬರ್ಲಿಕ್ಕೆ ಒಂದು ಕಾರು, ಆದ್ರೆ ಓಡಿಸ್ತಾ ಖುಷಿ ಆಗಬೇಕು. ಈ ಎರಡನೇ ಮಾತನ್ನ ಊರಿಗೆ ಫೋನ್ ಮಾಡಿ ಹೇಳ್ಲಿಕ್ಕೆ ನಾಚಿಕೆ. ನಮ್ಮಲ್ಲಿ ಕಾರು ಅಂದಕೂಡ್ಲೆ ಮೂರು ಪ್ರಶ್ನೆ, ಎಷ್ಟು ಜನ ಹಿಡೀತಾರೆ, ಎವರೇಜ್ ಎಷ್ಟು ಕೊಡ್ತದೆ, ಮಾರಿದ್ರೆ ಎಷ್ಟು ಬರ್ತದೆ. ಖುಷಿ ಅನ್ನೋದು ಆ ಪಟ್ಟಿಯಲ್ಲೇ ಇಲ್ಲ. ಇಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು ಇದ್ದಾರೆ, ಅವರ ಹತ್ರ ತೊಂಬತ್ತರ ದಶಕದ ಮಿಯಾಟಾ, ದೀಪ ಹಾಕಿದ್ರೆ ಕಪ್ಪೆಕಣ್ಣಿನ ಹಾಗೆ ಮೇಲೆದ್ದು ಬರ್ತದಲ್ಲ, ಆ ಮಾಡಲ್ಲು. ಒಂದು ಭಾನುವಾರ ಎಲ್ಲಿಗೆ ಹೊರಟ್ರಿ ಅಂತ ಕೇಳಿದ್ದಕ್ಕೆ ಎಲ್ಲಿಗೂ ಇಲ್ಲ ಅಂದ್ರು. ಎಲ್ಲಿಗೂ ಇಲ್ಲದೆ ಕಾರ್ ತೆಗೆಯೋದು ಅಂದ್ರೆ ನಮ್ಮ ಲೆಕ್ಕದಲ್ಲಿ ಪೆಟ್ರೋಲ್ ದಂಡ. ಅವರದ್ದು ಜಂಬ ಅಂತೂ ಅಲ್ಲ, ಬಾನೆಟ್ ಮೇಲೆ ಬಣ್ಣ ಹೋಗಿ ಎಷ್ಟೋ ವರ್ಷ ಆಗಿದೆ, ಸಂಜೆ ನಾವು ವಾಕಿಂಗ್ ಹೋಗ್ತೇವಲ್ಲ ಅಷ್ಟೇ ಸಹಜವಾಗಿ ಹೋಗಿ ಬರ್ತಾರೆ. ನನ್ನ ತಲೆಗೆ ಹುಳ ಬಿಟ್ಟಿದ್ದು ಅವರೇ ಅನ್ನಬಹುದು.

ಎರಡೂ ಕಾರು ಮ್ಯಾನ್ಯುಯಲ್ ಗೇರಿನದ್ದೇ ತಂದಿದ್ದೆ. ನಾನು ಕಾರು ಕಲಿತಿದ್ದು ಸಣ್ಣ ಮಾವನ ಮಾರುತಿ 800ರಲ್ಲಿ, ಅಡಿಕೆ ಒಣಗಿಸೋ ಅಂಗಳದಲ್ಲಿ ಮೊದಲ ದಿನ, ಎರಡನೇ ದಿನವೇ ಏರು ರಸ್ತೆಯಲ್ಲಿ ಹಾಫ್ ಕ್ಲಚ್. ಹಿಂದಕ್ಕೆ ಜಾರಿದ್ರೆ ಮಾವ ಬೈಯ್ತಿರಲಿಲ್ಲ, ಸುಮ್ನೆ ಬಾಗಿಲು ತೆಗೆದು ಇಳಿದುಬಿಡ್ತಿದ್ರು, ಅದು ಇನ್ನೂ ಭಯ. ಅಲ್ಲಿ ಎಡಗೈಯಲ್ಲಿ ಗೇರು, ಇಲ್ಲಿ ಬಲಗೈಯಲ್ಲಿ. ಮೊದಲ ಅರ್ಧ ಗಂಟೆ ಎಡಗೈ ಹೋಗಿ ಬಾಗಿಲಿಗೆ ಬಡೀತಿತ್ತು, ಹಳೇ ಅಭ್ಯಾಸ, ಕಾಲಿಗೆ ಎಲ್ಲ ನೆನಪಿದೆ ಕೈಗೆ ಮಾತ್ರ ಊರು ಬಿಟ್ಟು ಬಂದಿದ್ದು ಗೊತ್ತೇ ಇಲ್ಲ. ಮತ್ತೆ ಇನ್ನೊಂದು ವಿಷಯ ಅಲ್ಲೇ ಹೊಳೀತು. ಆ ಮಾರುತಿ 800 ಹತ್ರಹತ್ರ 650 ಕೇಜಿ, ಮೂರು ಸಿಲಿಂಡರಿನ 796 ಸಿಸಿ ಇಂಜಿನ್ನು, ನಲವತ್ತು ಹಾರ್ಸ್‌ಪವರೂ ಇರಲಿಲ್ಲ, ಆದ್ರೂ ಕೊಪ್ಪ ರಸ್ತೆಯಲ್ಲಿ ನಲವತ್ತು ಕಿಲೋಮೀಟರ್ ಸ್ಪೀಡಲ್ಲಿ ಸಿಕ್ಕಿದ ಮಜಾ ಆಮೇಲೆ ಇಲ್ಲಿ ಓಡಿಸಿದ ಯಾವ ಎಸ್‌ಯುವಿಯಲ್ಲೂ ಸಿಕ್ಕಿಲ್ಲ. ಹಗುರ ಇತ್ತು, ಅದಕ್ಕೆ.

ಮಿಯಾಟಾದ ಕಥೆ ಶುರುವಾಗಿದ್ದೂ ಹೆಚ್ಚುಕಮ್ಮಿ ಅಲ್ಲಿಂದಲೇ. ಬಾಬ್ ಹಾಲ್ ಅಂತ ಒಬ್ಬ ಕ್ಯಾಲಿಫೋರ್ನಿಯಾದ ಕಾರ್ ಪತ್ರಕರ್ತ, ಹಳೇ ಬ್ರಿಟಿಷ್ ರೋಡ್‌ಸ್ಟರ್, ಅಂದ್ರೆ ಛಾವಣಿ ತೆಗೆಯೋ ಎರಡು ಸೀಟಿನ ಕಾರು, ಅದರ ಥರ ಸಣ್ಣದು ಹಗುರದ್ದು ಒಂದು ಮಾಡಿ ಅಂತ ಮಜ್ದಾದವರ ತಲೆ ತಿಂದು ಕೊನೆಗೆ ಅದೇ ಕಂಪನಿಗೆ ಕೆಲಸಕ್ಕೆ ಸೇರ್ಕೊಂಡ, 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋದಲ್ಲಿ ಕಾರು ಹೊರಗೆ ಬಂತು. ಇಂಗ್ಲೆಂಡಿನವರ ಎಂಜಿ, ಲೋಟಸ್ ಇಲಾನ್ ಎಲ್ಲ ಓಡಿಸ್ಲಿಕ್ಕೆ ಚಂದ ಆದ್ರೆ ಎಣ್ಣೆ ಸೋರ್ತಿತ್ತು, ಜಪಾನಿನವರು ಅದನ್ನೇ ಸೋರದ ಹಾಗೆ ಮಾಡಿದ್ರು ಅನ್ನೋದು ಇಲ್ಲಿನವರ ಹಳೇ ಜೋಕು. 2016ರಲ್ಲಿ ಹತ್ತು ಲಕ್ಷನೇ ಕಾರು ಬಂದಾಯ್ತು. ಈಗಿನದ್ದು ನಾಲ್ಕನೇ ತಲೆಮಾರು, ಎರಡು ಲೀಟರ್ ಇಂಜಿನ್, 181 ಹಾರ್ಸ್‌ಪವರ್, ಟರ್ಬೋ ಇಲ್ಲ, ತೂಕ ಒಂದು ಟನ್ನಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಏರ್‌ಬ್ಯಾಗು, ಎಬಿಎಸ್ಸು, ಸ್ಕ್ರೀನು ಎಲ್ಲ ತುಂಬಿದ ಮೇಲೂ ಈ ಕಾಲದಲ್ಲಿ ಅಷ್ಟರಲ್ಲಿ ನಿಲ್ಲಿಸೋದು ಸಣ್ಣ ಕೆಲಸ ಅಲ್ಲ. ಕುದುರೆ ಸವಾರ ಎರಡೂ ಒಂದೇ ಮೈ ಆಗೋದಕ್ಕೆ ಜಪಾನಿನಲ್ಲಿ 'ಜಿನ್ಬಾ ಇತ್ತಾಯ್' ಅಂತಾರಂತೆ, ಮಜ್ದಾದವರು ಈ ಕಾರಿಗೆ ಅದನ್ನೇ ಮಂತ್ರ ಮಾಡ್ಕೊಂಡಿದ್ದಾರೆ. ಕುದುರೆ ನಂಗೆ ಗೊತ್ತಿಲ್ಲ, ಆದ್ರೆ ಘಾಟಿ ಇಳಿದು ಕಂಬಳ ನೋಡಿದ್ದೇನೆ, ಕೋಣದ ಹಿಂದೆ ಓಡೋನು ಕೋಣ ಹೆಜ್ಜೆ ಬದಲಾಯಿಸೋದಕ್ಕೆ ಮೊದಲೇ ತನ್ನ ಹೆಜ್ಜೆ ಬದಲಾಯಿಸಿರ್ತಾನಲ್ಲ, ಅದೇ ಇರಬೇಕು.

ಜಿಆರ್ 86 ಬೇರೆ ಜಾತಿ. ಹೆಸರು ಟೊಯೋಟಾದ್ದು, ಇಂಜಿನ್ ಸುಬಾರುದ್ದು, ತಯಾರಾಗೋದೂ ಗುನ್ಮದ ಓಟಾದಲ್ಲಿರೋ ಸುಬಾರು ಫ್ಯಾಕ್ಟರಿಯಲ್ಲಿ, ಅಣ್ಣತಮ್ಮ ಅನ್ನೋ ಹಾಗೆ ಸುಬಾರು ಬಿಆರ್‌ಝಡ್ ಕೂಡ ಅಲ್ಲಿಂದಲೇ ಬರೋದು. ಎಂಬತ್ತರ ದಶಕದ ಟೊಯೋಟಾ ಕರೋಲಾ ಎಇ86 ಅನ್ನೋ ಸಣ್ಣ ಗಾಡಿ ಜಪಾನಿನ ಘಾಟಿಗಳಲ್ಲಿ ಹೆಸರು ಮಾಡಿತ್ತು, ಆ 86 ಇವತ್ತಿಗೂ ಉಳ್ಕೊಂಡಿದೆ. ಇದರ ಬಾಕ್ಸರ್ ಇಂಜಿನ್ನಿನಲ್ಲಿ ಪಿಸ್ಟನ್ನುಗಳು ಆಚೆಗೆರಡು ಈಚೆಗೆರಡು ಮಲಗಿಕೊಂಡಿರ್ತವೆ, ಭಾರ ಎಲ್ಲ ಕೆಳಗೇ ಇರೋದ್ರಿಂದ ತಿರುವಿನಲ್ಲಿ ಕಾರು ನೆಲಕ್ಕೆ ಅಂಟಿದ ಹಾಗೆ ಇರ್ತದೆ. ಮೊದಲ ತಲೆಮಾರಿನ ಎರಡು ಲೀಟರ್ ಇಂಜಿನ್ನಿಗೆ ನಡುವೆ ಒಂದು ಗುಂಡಿ ಇತ್ತು, ನಾಲ್ಕು ಸಾವಿರ ಆರ್‌ಪಿಎಂ ಆಸುಪಾಸು ಎಳೆತ ಮಾಯ ಆಗ್ತಿತ್ತು, ಎಲ್ಲರೂ ಗೊಣಗಿದ್ರು. 2022ರ ಮಾಡಲ್ಲಿಗೆ 2.4 ಲೀಟರ್ ಮಾಡಿ 228 ಹಾರ್ಸ್‌ಪವರ್ ಕೊಟ್ರು, ಎಳೆತ ಈಗ 3700ಕ್ಕೇ ಪೂರ್ತಿ ಬಂದುಬಿಡ್ತದೆ. ಕಾಗದದ ಮೇಲೆ ಮಿಯಾಟಾಕ್ಕೆ ಗೆಲ್ಲೋ ದಾರಿಯೇ ಇಲ್ಲ. ಬೆಲೆ ಎರಡಕ್ಕೂ ಸುಮಾರು 30 ಸಾವಿರ ಡಾಲರಿಂದ ಶುರು, ಅಲ್ಲಿಯೂ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ.

ಸರಿ, ಎರಡನ್ನೂ ಒಂದೇ ರಸ್ತೆಯಲ್ಲಿ ಓಡಿಸಿದೆ. ಸ್ಯಾರಟೋಗ ಪೇಟೆಯಿಂದ ಹೈವೇ 9 ಹತ್ತಿ ಸ್ಕೈಲೈನ್ ರಸ್ತೆ ಸಿಗೋ ತನಕ, ಏಳು ಮೈಲಿ. ಕೆಳಗೆ ಬಿಸಿಲು, ಮೇಲೆ ಹೋದ ಹಾಗೆ ರೆಡ್‌ವುಡ್ ಮರ, ಬೆಳಿಗ್ಗೆ ಹೋದ್ರೆ ಸಮುದ್ರದ ಕಡೆಯಿಂದ ಮಂಜು. ಆಗುಂಬೆ ಘಾಟಿಗೆ ಹೋಲಿಸ್ಲಿಕ್ಕೆ ಆಗೋದಿಲ್ಲ, ಅಲ್ಲಿ ಹದಿನಾಲ್ಕು ಹೇರ್‌ಪಿನ್ನು, ಒಂದೊಂದು ತಿರುವಿಗೂ ಮಿನಿಬಸ್ಸಿನ ಡ್ರೈವರು ಉದ್ದಕ್ಕೆ ಹಾರನ್ ಹೊಡೆದು ಇಡೀ ಸ್ಟೇರಿಂಗ್ ಮೇಲೆ ಮಲಗಿ ತಿರುಗಿಸಬೇಕು. ಇಲ್ಲಿ ಹಾರನ್ನೇ ಇಲ್ಲ. ಹಿಂದೆ ಐದು ಗಾಡಿ ಸೇರಿದ್ರೆ ಮುಂದಿನವನು ಪಕ್ಕದ ಟರ್ನೌಟಿಗೆ ಸರಿದು ದಾರಿ ಬಿಡಬೇಕು ಅಂತ ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ ಇದೆ, ಬಹಳ ಜನ ಬಿಡ್ತಾರೆ ಕೂಡ. ಅಲ್ಲಿ ಘಾಟಿ ಹತ್ತೋ ಗಾಡಿಗೆ ಇಳಿಯೋನು ನಿಂತು ಜಾಗ ಕೊಡ್ತಾನೆ, ಕೈ ಎತ್ತಿ ಒಂದು ನಮಸ್ಕಾರ ಆಗ್ತದೆ, ನಂಗೆ ಅದೂ ಇಷ್ಟವೇ.

ಜಿಆರ್ 86ರಲ್ಲಿ ಹತ್ತಿದೆ. ಅದ್ಭುತ ಕಾರು, ಸುಳ್ಳು ಹೇಳಬಾರದು. ಸ್ಟೇರಿಂಗು ಚೂರಿ ಥರ, ಸೀಟು ಸೊಂಟ ಹಿಡಿದುಕೊಳ್ತದೆ, ಎಲ್ಲೂ ಓಲಾಡೋದಿಲ್ಲ. ಆದ್ರೆ ತೊಂದರೆ ಎಂತ ಅಂದ್ರೆ ಅದಕ್ಕೆ ಆ ರಸ್ತೆ ಸಾಕಾಗೋದಿಲ್ಲ, ಹಳದಿ ಬೋರ್ಡಲ್ಲಿ ತಿರುವಿಗೆ 25 ಮೈಲಿ ಅಂತ ಬರೆದಿದ್ರೆ 25ರಲ್ಲಿ ಅದಕ್ಕೆ ಆಕಳಿಕೆ ಬರ್ತದೆ, ಇನ್ನೂ ಹೋಗು ಇನ್ನೂ ಹೋಗು ಅಂತ ಪಕ್ಕದಲ್ಲಿ ಕೂತ ಕಾಲೇಜು ಗೆಳೆಯನ ಹಾಗೆ ತಿವೀತಾ ಇರ್ತದೆ, ನಾನೋ ನಲವತ್ತು ದಾಟಿದವನು, ಇನ್ಶೂರೆನ್ಸ್ ಕಟ್ಟೋನು, ತಿರುವಿನ ಆಚೆ ಸೈಕಲ್ ತುಳಿಯೋರು ಗುಂಪಾಗಿ ಇರ್ತಾರೆ, ಜಿಂಕೆ ಇರ್ತದೆ. ಮತ್ತೆ ಇಂಜಿನ್ ಸದ್ದನ್ನ ಸ್ಪೀಕರಿನಲ್ಲೂ ಹಾಕಿ ಕೇಳಿಸ್ತಾರೆ. ನಿಜವಾದ ಸದ್ದಿಗೆ ಒಗ್ಗರಣೆ. ಅದು ಗೊತ್ತಾದ ಮೇಲೆ ಕಿವಿ ಅಲ್ಲೇ ಹೋಗ್ತಿತ್ತು.

ಮಿಯಾಟಾದಲ್ಲಿ ಅದೇ ತಿರುವು, ಅದೇ 25, ಬೇರೇನೇ ಲೋಕ. ಈ ಕಾರು ಓಲಾಡ್ತದೆ. ಸ್ಪ್ರಿಂಗು ಮೆತ್ತಗೆ, ತಿರುವಿಗೆ ಹಾಕಿದ ಕೂಡ್ಲೆ ಒಂದು ಪಕ್ಕಕ್ಕೆ ವಾಲಿ ನಿಲ್ತದೆ, ಎಕ್ಸ್‌ಪರ್ಟುಗಳು ಇದನ್ನ ದೋಷ ಅಂತ ಬರೀತಾರೆ, ನನ್ನ ಪ್ರಕಾರ ಇದರ ಜೀವ ಇರೋದೇ ಅಲ್ಲಿ. ವಾಲಿದಾಗ ಯಾವ ಟೈರಿನ ಮೇಲೆ ಎಷ್ಟು ಭಾರ ಬಿತ್ತು ಅಂತ ಕುಂಡೆಗೆ ಗೊತ್ತಾಗ್ತದೆ, ಕ್ಷಮಿಸಿ, ಬೇರೆ ಮಾತಿಲ್ಲ. ನಿಧಾನಕ್ಕೆ ಹೋಗ್ತಾ ಇದ್ರೂ ಏನೋ ದೊಡ್ಡದು ಮಾಡ್ತಾ ಇದ್ದೇನೆ ಅನ್ನಿಸ್ತದೆ. ಮೂರರಿಂದ ಎರಡಕ್ಕೆ ಗೇರ್ ಇಳಿಸೋದು ಬೆರಳ ತುದಿಯ ಕೆಲಸ, ಟಕ್ ಅಂತ ಕೂರ್ತದೆ. ಮಾಡು ತೆಗೆಯೋದು ಕೊಡೆ ಮಡಚಿದ ಹಾಗೆ, ಸೀಟಲ್ಲಿ ಕೂತೇ ಒಂದು ಕೈಯಲ್ಲಿ ಹಿಂದಕ್ಕೆ ತಳ್ಳಿದ್ರಾಯ್ತು, ಮೋಟ್ರು ಗೀಟ್ರು ಏನಿಲ್ಲ. ತೆಗೆದ್ರೆ ಮಣ್ಣಿನ ವಾಸನೆ, ಎಲ್ಲೋ ಕೆಳಗೆ ನೀರು ಹರಿಯೋ ಸದ್ದು. ಊರು ಬಿಟ್ಟ ಮೇಲೆ ಕಾರಿನೊಳಗೆ ಕೂತು ಮಳೆಗಾಲದ ವಾಸನೆ ನಂಗೆ ಬಂದಿದ್ದು ಅವತ್ತೇ.

ಮಿಲ್ಪಿಟಸ್ಸಿನ ಗೆಳೆಯ ಒಬ್ಬ ತನ್ನ ಪೋರ್ಷಾ 718 ಕೇಮನ್ ಕೀ ಕೊಟ್ಟು ನೋಡು ಅಂದ. 300 ಹಾರ್ಸ್‌ಪವರ್, ಇಂಜಿನ್ ಬೆನ್ನ ಹಿಂದೆ, ಎರಡನೇ ಗೇರಿನಲ್ಲೇ ಫ್ರೀವೇಯ 65 ಮೈಲಿ ಮಿತಿ ದಾಟ್ತದೆ. ನೋಡಿದೆ, ಕೈ ಮುಗಿದೆ, ಕೀ ವಾಪಸ್ ಕೊಟ್ಟೆ. ಹಾಲು ತರ್ಲಿಕ್ಕೆ ಅಂಬಾರಿ ಯಾಕೆ. ಇನ್ನೊಬ್ಬನದ್ದು ಟೆಸ್ಲಾ, ನಮ್ಮ ಕೂಟದ ಪಾರ್ಕಿಂಗಲ್ಲಿ ಅರ್ಧ ಅದೇ ಇರೋದು, "ನನ್ನ ಮಾಡಲ್ ವೈ ಪರ್ಫಾರ್ಮೆನ್ಸ್ ನಿನ್ನ ಎರಡೂ ಕಾರಿಗಿಂತ ಫಾಸ್ಟು" ಅಂತಾನೆ. ಹೌದಪ್ಪ, ಸೊನ್ನೆಯಿಂದ ಅರವತ್ತಕ್ಕೆ ಎರಡನ್ನೂ ಮುಲಾಜಿಲ್ಲದೆ ಹಿಂದೆ ಹಾಕ್ತದೆ. ಹತ್ರಹತ್ರ ಎರಡು ಟನ್ ತೂಕದ ಲಿಫ್ಟು ಅದು, ಲಿಫ್ಟು ಎಷ್ಟು ಬೇಗ ಮೇಲೆ ಹೋಯ್ತು ಅಂತ ಯಾರಾದ್ರೂ ಖುಷಿಪಡ್ತಾರಾ? ಈ ಮಾತಿಗೆ ಅವನಿಗೆ ಇನ್ನೂ ಸಿಟ್ಟಿದೆ.

ಈಗ ದಿನನಿತ್ಯದ ಮಾತು. ವಾರಕ್ಕೆ ಮೂರು ದಿನ ಆಫೀಸಿಗೆ 880, 237 ಹೈವೇಗಳ ಟ್ರಾಫಿಕ್ಕು. ಅಲ್ಲಿ ಎರಡೂ ಒಂದೇ, ಎಡಗಾಲಿಗೆ ಕ್ಲಚ್ಚಿನ ವ್ಯಾಯಾಮ. ಟ್ರಾಫಿಕ್ ಬಿಟ್ಟು ಎಪ್ಪತ್ತು ಮೈಲಿ ಸ್ಪೀಡಿಗೆ ಬಂದ್ರೆ ಮಿಯಾಟಾದ ಬಟ್ಟೆ ಮಾಡಿನೊಳಗೆ ಫೋನಲ್ಲಿ ಮಾತಾಡೋದು ಮರೆತುಬಿಡಿ, ದೊಡ್ಡ ಟ್ರಕ್ಕಿನ ಚಕ್ರ ನಿಮ್ಮ ಕಿವಿ ಮಟ್ಟಕ್ಕೆ ಇರ್ತದೆ, ಮೊದಲ ವಾರ ಹೆದರಿಕೆ ಆಗೋದು ಸಹಜ. ಗ್ಲವ್ ಬಾಕ್ಸೇ ಇಲ್ಲ, ಕಾಫಿ ಲೋಟ ಇಡೋ ಜಾಗ ಮೊಣಕೈ ಹಿಂದೆ. ಆರಡಿ ಇರೋರು ಕೂತು ನೋಡದೆ ತಗೊಳ್ಳಬೇಡಿ, ನಂಗೆ ಐದೂ ಮುಕ್ಕಾಲು, ಸರಿಹೋಯ್ತು. ಜಿಆರ್ 86 ಇದೆಲ್ಲದರಲ್ಲೂ ಮೇಲು, ಪೆಟ್ರೋಲ್ ಮಾತ್ರ ಜಾಸ್ತಿ ಕುಡೀತದೆ. ಹಿಂದಿನ ಸೀಟಲ್ಲಿ ದೊಡ್ಡವರು ಕೂರೋದು ಶಿಕ್ಷೆ, ಆದ್ರೆ ಮಗಳ ಸ್ಕೂಲ್ ಬ್ಯಾಗಿನ ಜೊತೆ ಮಗಳೂ ಹೇಗೋ ಕೂತ್ಲು. ಮನೆಗೆ ಒಂದೇ ಕಾರು ಅಂತಾದ್ರೆ, ಟ್ರ್ಯಾಕಿಗೆ ಹೋಗೋ ಹುಚ್ಚಿದ್ರೆ, ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ನಂಗೆ ಆ ಎರಡೂ ಇಲ್ಲ. ದಿನಾ ಸಿಗೋ ಖುಷಿ ಅಂದ್ರೆ ನಲವತ್ತೈವತ್ತು ಮೈಲಿಯೊಳಗೆ, ಲೈಸೆನ್ಸಿಗೆ ಕುತ್ತು ಇಲ್ಲದೆ, ಲೈಬ್ರರಿಗೆ ಹೋಗೋ ದಾರಿಯಲ್ಲೇ ಸಿಗಬೇಕು, 47 ಹಾರ್ಸ್‌ಪವರ್ ಕಮ್ಮಿ ಇರೋ ಕಾರಲ್ಲಿ ಅದು ಜಾಸ್ತಿ ಸಿಕ್ತು. ಚಪ್ಪಲಿ ಅಂದಿದ್ದು ಸರಿಯೇ, ಬೂಟು ಹಾಕ್ಕೊಂಡು ಲೇಸ್ ಕಟ್ಟಿ ಹೊರಡೋ ಹೊತ್ತಿಗೆ ಚಪ್ಪಲಿ ಮೆಟ್ಟಿದವನು ಹೋಗಿ ಬಂದಾಗಿರ್ತದೆ. ಎರಡು ವರ್ಷ ಹಳೇದು, ಕೆಂಪು ಬಣ್ಣದ್ದು ತಗೊಂಡೆ. ಹೆಂಡತಿ ಒಂದು ತಿಂಗಳು ಅದರ ಹೆಸರೇ ಎತ್ತಲಿಲ್ಲ.

ಈ ಬೇಸಿಗೆಯಲ್ಲಿ ಅಪ್ಪಯ್ಯ ಬಂದಿದ್ರು. ಕಾರಿನ ಸುತ್ತ ಒಂದು ಸುತ್ತು ಹಾಕಿ ಹಿಂದಿನ ಸೀಟು ಹುಡುಕಿದ್ರು, ಇಲ್ಲ ಅಂತ ಖಾತ್ರಿ ಆದಮೇಲೆ ಎವರೇಜ್ ಕೇಳಿದ್ರು. ಲೀಟರಿಗೆ ಹನ್ನೆರಡು ಅಂದೆ. "ಇಬ್ರಿಗೆ ಹನ್ನೆರಡಾ?" ಅಂದು ಸುಮ್ಮನಾದ್ರು. ಮಾರನೇ ದಿನ ಬೆಳಿಗ್ಗೆ ಮಂಕಿಕ್ಯಾಪ್ ಹಾಕಿಸಿ ಮಾಡು ತೆಗೆದು ಹೈವೇ 9ಕ್ಕೆ ಕರ್ಕೊಂಡು ಹೋದೆ. ಎರಡು ಮೈಲಿ ಮಾತಿಲ್ಲ, ಮರದ ತುದಿ ನೋಡ್ತಾ ಕೂತಿದ್ರು, ಒಂದು ಕೈ ಬಾಗಿಲ ಮೇಲೆ. ಮೊದಲ ದೊಡ್ಡ ತಿರುವು ಬಂತು ನೋಡಿ, "ಹಾರನ್ ಹೊಡಿಯೋ ಮಾರಾಯ!" ಅಂತ ಕೂಗಿದ್ರು. ಇಲ್ಲಿ ಹೊಡೆಯೋದಿಲ್ಲ ಅಪ್ಪಯ್ಯ ಅಂದೆ. "ಘಾಟಿಯಲ್ಲಿ ಹಾರನ್ ಹೊಡೀದೆ ಎಂತ ಗಾಡಿ ಓಡಿಸೋದು" ಅಂತ ನಂಗಲ್ಲ, ರಸ್ತೆಗೇ ಹೇಳಿದ ಹಾಗೆ ಹೇಳಿದ್ರು. ಮುಂದಿನ ತಿರುವಿಗೆ ಹೊಡೆದೆ. ಎದುರಿಂದ ಸೈಕಲ್ ತುಳೀತಾ ಬಂದವನು ಬೆಚ್ಚಿ ಬಿದ್ದು ನಮ್ಮ ಕಡೆ ಒಂದು ನೋಟ ನೋಡಿದ, ಅಪ್ಪಯ್ಯ ಅವನಿಗೆ ಕೈ ಎತ್ತಿ ನಮಸ್ಕಾರ ಮಾಡಿದ್ರು.