ಬಲಗಡೆ ಮೂಲೆ ಒತ್ತಿ ನೋಡಿ ಅಂದ ಅಜ್ಜ

ಹೋದ ವರ್ಷ ಮಾರ್ಚ್‌ನಲ್ಲಿ ಒಂದು ಹಳೆ ಮೋಟರ್‌ಹೋಮ್ (ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಊರೂರು ಸುತ್ತುವ ಗಾಡಿ) ನೋಡಲು ಜರ್ಮನಿಯಲ್ಲಿ ನಾವಿರುವ ಸ್ಟುಟ್‌ಗಾರ್ಟ್‌ನಿಂದ ಉಲ್ಮ್ ಹತ್ತಿರದ ಒಂದು ಹಳ್ಳಿಗೆ ಹೋಗಿದ್ದೆವು. ಮಾರುತ್ತಿದ್ದವರು ಎಪ್ಪತ್ತು ದಾಟಿದ ಅಜ್ಜ. ಇಂಜಿನ್ ಬಗ್ಗೆ ಮಾತೇ ಎತ್ತಲಿಲ್ಲ. ಡ್ರೈವರ್ ಸೀಟಿನ ಮೇಲಿರುವ ಮಲಗುವ ಅಟ್ಟ ತೋರಿಸಿ, "ಹತ್ತಿ, ಬಲಗಡೆ ಮೂಲೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ" ಅಂದರು. ಒತ್ತಿದೆ. ಹಾಲಲ್ಲಿ ಅದ್ದಿದ ರಸ್ಕ್ ಥರ ಪ್ಲೈವುಡ್ ಒಳಕ್ಕೆ ಹೋಯಿತು. "ಎರಡು ವರ್ಷದ ಹಿಂದೆ ಅಲ್ಲಿ ನೀರು ಇಳಿದಿತ್ತು. ಹೊರಗಿನ ಸಂದು ಮುಚ್ಚಿಸಿದ್ದೇನೆ. ಒಳಗಿನ ಮರ ಬದಲಾಯಿಸಿಲ್ಲ. ಅದಕ್ಕೇ ಬೆಲೆ ಕಡಿಮೆ."

ನಾನು ಕೇಳಿಯೇ ಇರಲಿಲ್ಲ. ಅವರು ಹೇಳದಿದ್ದರೆ ನನಗೆ ಗೊತ್ತೂ ಆಗುತ್ತಿರಲಿಲ್ಲ.

ಕಾರು ಕೊಳ್ಳುವಾಗ ನಾವು ಇಂಜಿನ್ ಸದ್ದು ಕೇಳುತ್ತೇವೆ, ಕಿಲೋಮೀಟರ್ ನೋಡುತ್ತೇವೆ. ಈ ಗಾಡಿಗಳ ಲೆಕ್ಕವೇ ಬೇರೆ. ಹದಿನೈದು ವರ್ಷದಲ್ಲಿ 80,000 ಕಿಲೋಮೀಟರ್ ಓಡಿದ ಡೀಸೆಲ್ ಇಂಜಿನ್‌ಗೆ ಇನ್ನೂ ಬೇಕಾದಷ್ಟು ಆಯಸ್ಸಿರುತ್ತದೆ. ಇವುಗಳನ್ನು ಕೊಲ್ಲುವುದು ನೀರು. ಹಳೆ ಗಾಡಿಗಳಲ್ಲಿ ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ಪ್ಲೈವುಡ್, ನಡುವೆ ಮರದ ಚೌಕಟ್ಟು ಮತ್ತು ಥರ್ಮೋಕೋಲ್. ಸಂದಿನ ಅಂಟು ಬಿಟ್ಟರೆ ನೀರು ಸದ್ದಿಲ್ಲದೆ ಇಳಿಯುತ್ತದೆ, ಮರ ಕೊಳೆಯುತ್ತದೆ. ಹೊರಗಿಂದ ಮಾತ್ರ ಗಾಡಿ ಫಳಫಳ ಅನ್ನುತ್ತಿರುತ್ತದೆ.

ಅಜ್ಜ ಅಲ್ಲಿಗೇ ನಿಲ್ಲಿಸಲಿಲ್ಲ. ಮಂಡಿಯೂರಿ ಕೂತು, ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿ ತೋರಿಸಿದರು. 2316. ಅಂದರೆ 2016ರ 23ನೇ ವಾರ ತಯಾರಾದದ್ದು. "ಟೈರಿನ ಗೆರೆ ಆಳವಾಗಿದೆ ಅಂತ ಮೋಸ ಹೋಗಬೇಡಿ. ನಿಂತಲ್ಲೇ ಹಳೆಯದಾಗಿದೆ, ಬದಲಾಯಿಸಿ" ಅಂದರು. ಆಮೇಲೆ ವೇಬ್ರಿಡ್ಜ್ ಚೀಟಿ ತೆಗೆದರು. ಸೈಕಲ್ ಸ್ಟ್ಯಾಂಡ್, ಬಿಸಿಲಿನ ಚಪ್ಪರ ಎಲ್ಲ ಸೇರಿ ಖಾಲಿ ಗಾಡಿಯೇ 3,190 ಕೆಜಿ. ನನ್ನ ಲೈಸೆನ್ಸ್‌ನಲ್ಲಿ 3,500 ಕೆಜಿವರೆಗೆ ಮಾತ್ರ ಓಡಿಸಬಹುದು. ಉಳಿದದ್ದು 310. ನಾವು ನಾಲ್ವರು ಸೇರಿ 220 ಕೆಜಿ. 100 ಲೀಟರ್ ನೀರಿನ ಟ್ಯಾಂಕ್ ತುಂಬಿಸಿದರೆ ಅಲ್ಲೇ ಮಿತಿ ದಾಟಿತು, ಇನ್ನೂ ಒಂದು ಪಾತ್ರೆ ಇಟ್ಟಿಲ್ಲ. "ಟ್ಯಾಂಕ್ ತಳದಲ್ಲಿ ಸ್ವಲ್ಪ ನೀರಿಟ್ಟುಕೊಂಡು ಹೊರಡಿ, ಹೋದಲ್ಲಿ ತುಂಬಿಸಿಕೊಳ್ಳಿ" ಅಂತ ಅವರೇ ದಾರಿ ಹೇಳಿದರು.

ಕೊನೆಗೆ, "ಎಷ್ಟು ಜನ ಓಡಾಡುತ್ತೀರಿ?" ಅಂತ ಕೇಳಿದರು. ನಾವು ನಾಲ್ವರು, ಬೇಸಿಗೆಯಲ್ಲಿ ಅಪ್ಪ ಅಮ್ಮ ಬರುತ್ತಾರೆ ಅಂದೆ. ತಕ್ಷಣ ತಲೆ ಅಲ್ಲಾಡಿಸಿದರು. "ಇದರಲ್ಲಿ ಆರು ಜನ ಮಲಗಬಹುದು. ಬೆಲ್ಟ್ ಇರುವುದು ನಾಲ್ಕೇ ಸೀಟಿಗೆ. ಹಾಗಾದರೆ ಈ ಗಾಡಿ ನಿಮಗಲ್ಲ."

ಮಾರಲು ಕೂತವರು ಹೇಳಿದ ಮಾತಿದು. ನಮ್ಮ ಕಡೆಯಾಗಿದ್ದರೆ? "ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್, ಮಕ್ಕಳು ಹಿಂದೆ ಮಲಗಿಕೊಂಡು ಬರ್ತಾವೆ." ಡಾಕ್ಟರ್ ಓಡಿಸಿದ ಗಾಡಿ, ಸಿಂಗಲ್ ಓನರ್, ಶೋರೂಂ ಕಂಡಿಷನ್. ಈ ಮಾತುಗಳನ್ನು ಎಷ್ಟು ಸಲ ಕೇಳಿಲ್ಲ ನಾವು?

ಮೂರು ವರ್ಷದ ಹಿಂದೆ ತಿಪಟೂರಿನಲ್ಲಿ ಅಪ್ಪನ ಹಳೆ ಕಾರು ಮಾರಿದೆವು. ನೋಡಲು ಬಂದವರಿಗೆ ಕ್ಲಚ್ ಸವೆದಿದೆ, ಎಡಗಡೆ ಹಿಂದಿನ ಬಾಗಿಲಿನ ಕೆಳಗೆ ತುಕ್ಕು ಹಿಡಿದಿದೆ ಅಂತ ನಾನೇ ಹೇಳಿದೆ. ಅವರು ಮುಖ ಮುಖ ನೋಡಿಕೊಂಡರು. ಪಕ್ಕಕ್ಕೆ ಹೋಗಿ ಪಿಸುಗುಟ್ಟಿದ್ದು ನನಗೂ ಕೇಳಿಸಿತು: "ಇಷ್ಟು ಬಾಯಿಬಿಟ್ಟು ಹೇಳ್ತಾನೆ ಅಂದ್ರೆ ಇನ್ನೇನೋ ದೊಡ್ಡದು ಮುಚ್ಚಿಟ್ಟಿದಾನೆ." ಹೊರಟೇ ಹೋದರು. ಅಪ್ಪ ನನ್ನ ಮೇಲೆ ರೇಗಿದರು. ನಿಜ ಹೇಳಿದವನ ಮೇಲೇ ಅನುಮಾನ ಬರುವಷ್ಟು ನಾವು ಸುಳ್ಳಿಗೆ ಒಗ್ಗಿಹೋಗಿದ್ದೇವೆ. ಇವತ್ತಿಗೂ ಅದು ನನಗೆ ನೋವು ಕೊಡುತ್ತದೆ.

ಬೆಂಗಳೂರಿನ ನನ್ನ ಲಾಯರ್ ಗೆಳೆಯ ಒಂದು ವಿಷಯ ಹೇಳಿದ. ನಮ್ಮ 1872ರ ಕರಾರು ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ಒಂದು ಕುದುರೆಯ ಉದಾಹರಣೆ ಇದೆಯಂತೆ. ಹರಾಜಿನಲ್ಲಿ ಕುದುರೆ ಮಾರುವವನಿಗೆ ಅದರ ಕಾಯಿಲೆ ಗೊತ್ತಿದ್ದೂ ಸುಮ್ಮನಿದ್ದರೆ ಅದು ಮೋಸವಲ್ಲ. ಕೊಳ್ಳುವವಳು ಆಗಷ್ಟೇ ಪ್ರಾಪ್ತ ವಯಸ್ಸಿಗೆ ಬಂದ ಅವನ ಸ್ವಂತ ಮಗಳಾದರೆ ಹೇಳಲೇಬೇಕು. ಬ್ರಿಟಿಷರ ಕಾಲದಲ್ಲಿ ಬರೆದದ್ದು, ಸರಿ. ಆದರೆ ನಾವು ಇವತ್ತಿಗೂ ಹಾಗೇ ಬದುಕುತ್ತಿದ್ದೇವಲ್ಲ. ಮನೆಯವರಿಗೆ ಒಂದು ಮಾತು, ಹೊರಗಿನವರಿಗೆ ಇನ್ನೊಂದು. ಉಲ್ಮ್ ಹತ್ತಿರದ ಆ ಅಜ್ಜ ಗುರುತು ಪರಿಚಯ ಇಲ್ಲದ ನನಗೆ ಮನೆಮಗನಿಗೆ ಹೇಳುವ ಹಾಗೆ ಹೇಳಿದರು.

ಇಲ್ಲಿ ಎಲ್ಲರೂ ಹಾಗೇ ಅಂತ ಹೇಳಲಾರೆ. ಅದಕ್ಕೂ ಮುಂಚೆ ನೋಡಿದ ಒಂದು ಗಾಡಿಯೊಳಗೆ ಮೂಗು ಕಟ್ಟುವಷ್ಟು ಸೆಂಟಿನ ವಾಸನೆ, ಕಿಟಕಿ ಸುತ್ತ ಆಗತಾನೆ ಬಳಿದ ಸಿಲಿಕಾನ್. ಕೇಳಿದರೆ ಉತ್ತರವಿಲ್ಲ. ಕಾನೂನಿನ ಭಯವೂ ಇದೆ. ಖಾಸಗಿಯಾಗಿ ಮಾರುವವರು ಗ್ಯಾರಂಟಿ ಇಲ್ಲ ಅಂತ ಕರಾರಿನಲ್ಲಿ ಬರೆಸಿಕೊಳ್ಳಬಹುದು, ಆದರೆ ಗೊತ್ತಿದ್ದ ದೋಷವನ್ನು ಬೇಕಂತಲೇ ಮುಚ್ಚಿಟ್ಟರೆ ಆ ಸಾಲಿಗೆ ಬೆಲೆಯಿಲ್ಲ. ಜರ್ಮನ್ ಸಿವಿಲ್ ಸಂಹಿತೆಯ 444ನೇ ಸೆಕ್ಷನ್ ಹೇಳುವುದು ಇದನ್ನೇ.

ಇನ್ನೊಂದನ್ನೂ ಹೇಳಬೇಕು. ಅಪ್ಪ ಮೊದಲ ಕಾರು ಕೊಳ್ಳಲು ಹೊರಟಾಗ ನಮ್ಮೂರಿನ ಮೆಕ್ಯಾನಿಕ್ ಒಬ್ಬರು ಗಾಡಿ ಕೆಳಗೆ ಒಂದು ಗಂಟೆ ಮಲಗಿ ನೋಡಿ, "ಬೇಡ ಮೇಷ್ಟ್ರೇ, ಇದು ನಿಮ್ಮ ದುಡ್ಡು ತಿನ್ನುತ್ತೆ" ಅಂದಿದ್ದರು. ಕಾಫಿ ಬಿಟ್ಟು ಒಂದು ರೂಪಾಯಿ ಮುಟ್ಟಲಿಲ್ಲ. ಇಲ್ಲಿ ನನ್ನ ಜೊತೆ ಹಾಗೆ ಬರುವವರು ಯಾರೂ ಇಲ್ಲ. ಉಲ್ಮ್‌ಗೆ ನಾನು, ಹೆಂಡತಿ, ಮಕ್ಕಳು ಅಷ್ಟೇ ಹೋಗಿದ್ದು.

ಮನೆಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಬೆಲ್ಟಿನ ವಿಷಯ ಹೇಳಿದೆ. "ನಾವು ರೈಲಲ್ಲಿ ಬರ್ತೀವಿ ಬಿಡೋ, ನೀವು ಮುಂದೆ ಹೋಗಿ ಅಡುಗೆ ಮಾಡಿಟ್ಟಿರಿ" ಅಂದರು. ಆ ಗಾಡಿಯನ್ನೇ ತೆಗೆದುಕೊಂಡೆವು. ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

ಗಾಡಿ ತರುವ ದಿನ ಅಜ್ಜ ಮೂರು ಗಂಟೆ ಕೂತು ಕಲಿಸಿದರು. ಗ್ಯಾಸ್ ಸಿಲಿಂಡರ್ ಹೇಗೆ ಬದಲಾಯಿಸುವುದು, ಟಾಯ್ಲೆಟ್ ಡಬ್ಬ ಹೇಗೆ ತೊಳೆಯುವುದು, ಚಳಿಗಾಲ ಬರುವ ಮುಂಚೆ ಪೈಪಿನ ನೀರು ಹೇಗೆ ಪೂರ್ತಿ ಖಾಲಿ ಮಾಡುವುದು. ಹೆಂಡತಿ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಳು. ಅವರು ಒಂದು ಮಾತೂ ಕೇಳದೆ, ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತರು.

ಹದಿನೈದು ದಿನ ಬಿಟ್ಟು ಜೋರು ಮಳೆ ಬಂತು. ಮರುದಿನ ಬೆಳಿಗ್ಗೆ ಅವರಿಂದ ಮೆಸೇಜ್: "ಬಲಗಡೆ ಮೂಲೆ ಒಣಗಿದೆಯಾ?" ಅಟ್ಟ ಹತ್ತಿ ಅಂಗೈ ಇಟ್ಟು ನೋಡಿದೆ. ಒಣಗಿತ್ತು.