ಗಂಜಿ ಕೇಳಿದರೆ ಜ್ವರಾನಾ ಅಂದರು

ಜನವರಿಯಲ್ಲಿ ಅರಸೀಕೆರೆಗೆ ಹೋಗಿದ್ದೆ. ಮೊದಲ ದಿನ ಬೆಳಿಗ್ಗೆ, "ಅತ್ತಿಗೆ, ತಿಂಡಿಗೆ ನುಚ್ಚಿನ ಗಂಜಿ ಮಾಡ್ತೀರಾ?" ಅಂತ ಕೇಳಿದೆ. ಒಲೆ ಮುಂದಿದ್ದವರು ಗಾಬರಿಯಿಂದ ತಿರುಗಿದರು. "ಯಾಕಪ್ಪಾ, ಜ್ವರಾನಾ?"

ಆ ಮಾತು ಮನಸ್ಸಿನಲ್ಲೇ ಉಳಿಯಿತು. ನಮ್ಮಲ್ಲಿ ಗಂಜಿ ಅಂದರೆ ಕಾಯಿಲೆಯವರ ಊಟ. ನೆರೆ ಬಂದಾಗ ತೆರೆಯುವುದು ಗಂಜಿ ಕೇಂದ್ರ. ಬಡತನ ಹೇಳಬೇಕಾದರೆ 'ಗಂಜಿಗೂ ಗತಿಯಿಲ್ಲ' ಅಂತೀವಿ. ಮಾತಿನಲ್ಲೇ ಇಷ್ಟು ತಾತ್ಸಾರ ಇದ್ದರೆ ಅದು ತಿಂಡಿಗೆ ಬರುವುದು ಹೇಗೆ? ಅದೇ ಅಡುಗೆಮನೆಯಲ್ಲಿ ಮಸಾಲೆ ಬೆರೆಸಿದ ಓಟ್ಸ್ ಪೊಟ್ಟಣ ಇತ್ತು. ಅಣ್ಣನಿಗೆ ಶುಗರ್ ಅಂತ ತಂದದ್ದು. ಮೂರು ನಿಮಿಷದಲ್ಲಿ ರೆಡಿ.

ನಾನಿರುವುದು ಸ್ಕಾಟ್‌ಲೆಂಡಿನ ಇನ್ವರ್ನೆಸ್‌ನಲ್ಲಿ. ಇಲ್ಲಿನವರ ಪಾರಿಡ್ಜ್ ಕೂಡ ಗಂಜಿಯೇ. ಇದೂ ಬಡವರ ಊಟವೇ ಆಗಿತ್ತು. ಆದರೆ ಇವರು ಅದಕ್ಕೆ ನಾಚಿಕೊಳ್ಳಲಿಲ್ಲ. ಇಲ್ಲಿಂದ ಸುಮಾರು 40 ಕಿ.ಮೀ. ದೂರದ ಕಾರ್‌ಬ್ರಿಜ್ ಅನ್ನುವ ಹಳ್ಳಿಯಲ್ಲಿ 1994ರಿಂದ ಪಾರಿಡ್ಜ್ ಮಾಡುವ ವಿಶ್ವ ಸ್ಪರ್ಧೆ ನಡೆಯುತ್ತಿದೆ. ಸಾಂಪ್ರದಾಯಿಕ ವಿಭಾಗದಲ್ಲಿ ಓಟ್ಸ್ ನುಚ್ಚು, ನೀರು, ಉಪ್ಪು, ಅಷ್ಟೇ. ಕಲಕಲು ಸ್ಪರ್ಟಲ್ ಅನ್ನುವ ಮರದ ಕೋಲಿದೆ. ಮೊದಲ ಸಲ ಅದನ್ನು ಕೈಯಲ್ಲಿ ಹಿಡಿದಾಗ ನಮ್ಮನೆಯ ಹಿಟ್ಟಿನ ಕೋಲೇ ನೆನಪಾಯಿತು.

ಇಲ್ಲಿ ನಾನು ಕಲಿತದ್ದು ಒಂದೇ. ಕಾಳನ್ನು ಒಡೆಯಬೇಕು, ಆದರೆ ಪುಡಿ ಮಾಡಬಾರದು. ಪೊಟ್ಟಣದ ಓಟ್ಸನ್ನು ಹಬೆಯಲ್ಲಿ ಬೇಯಿಸಿ, ರೋಲರ್‌ನಲ್ಲಿ ತೆಳ್ಳಗೆ ಒತ್ತಿರುತ್ತಾರೆ. ಬೇಗ ಬೇಯುತ್ತದೆ, ಹಾಗೇ ಬೇಗ ಜೀರ್ಣವಾಗಿ ಶುಗರ್ ಬೇಗ ಏರಿಸುತ್ತದೆ. ನುಚ್ಚು ನಿಧಾನ. ಹಲ್ಲಿಗೂ ಸಿಗುತ್ತದೆ, ಮಧ್ಯಾಹ್ನದವರೆಗೆ ಹೊಟ್ಟೆಯಲ್ಲೂ ನಿಲ್ಲುತ್ತದೆ.

ಇದು ಅಮ್ಮನಿಗೆ ಗೊತ್ತಿತ್ತು. ನುಚ್ಚು ಬೇಕಾದಾಗ ಬೀಸುವ ಕಲ್ಲಿನ ಗೂಟಕ್ಕೆ ಹಳೇ ಬಟ್ಟೆಯ ಸಿಂಬಿ ಸುತ್ತುತ್ತಿದ್ದರು. ಮೇಲಿನ ಕಲ್ಲು ಒಂದೆಳೆ ಎತ್ತರಕ್ಕೆ ನಿಲ್ಲುತ್ತಿತ್ತು. ಕಲ್ಲಿನಿಂದ ಉದುರಿದ ಗೋಧಿಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, ಇನ್ನೊಂದು ಸುತ್ತು ಬಟ್ಟೆ ಬೇಕಾ ಅಂತ ತೀರ್ಮಾನಿಸುತ್ತಿದ್ದರು.

ನಮ್ಮ ಕಡೆ ಕಾಳಿಗೇನು ಕೊರತೆ? ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ರಾಗಿ, ಸಕಲೇಶಪುರದ ಕಡೆ ಭತ್ತ. ರಾಗಿ ಕಾಳು ತೀರಾ ಸಣ್ಣದು, ಅಕ್ಕಿಯ ಹಾಗೆ ಪಾಲಿಶ್ ಮಾಡಿ ಸಿಪ್ಪೆ ತೆಗೆಯೋಕೆ ಆಗಲ್ಲ. ಹಾಗಾಗಿ ಮನೆಯ ರಾಗಿ ಹಿಟ್ಟು ಇಡೀ ಕಾಳಿನದೇ. 100 ಗ್ರಾಂನಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ಓಟ್ಸ್‌ಗಿಂತ ಎಷ್ಟೋ ಪಟ್ಟು ಜಾಸ್ತಿ. ಇದನ್ನು ಮನೆಯಲ್ಲಿಟ್ಟುಕೊಂಡು ದುಡ್ಡು ಕೊಟ್ಟು ಮಸಾಲೆ ಓಟ್ಸ್ ತರುವುದು ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ.

ಮರುದಿನ ನಾನೇ ಒಲೆ ಮುಂದೆ ನಿಂತೆ. ಗೋಧಿ, ಜೋಳ, ಕೆಂಪಕ್ಕಿ ಒಂದೊಂದು ಲೋಟ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಬೇರೆ ಬೇರೆಯಾಗಿ ಹುರಿದೆ. ಆರಿದ ಮೇಲೆ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿದೆ. ಸುಮ್ನೆ ಓಡಲು ಬಿಟ್ಟರೆ ಹಿಟ್ಟಾಗಿಬಿಡುತ್ತದೆ. ಜರಡಿ ಹಿಡಿದಾಗ ಉದುರಿದ ಹಿಟ್ಟು ರೊಟ್ಟಿಗಾಯಿತು. ಒಡೆದ ಕಾಳಿನ ಎಣ್ಣೆಯಂಶ ಬೇಗ ಕಮಟು ವಾಸನೆ ಹಿಡಿಯುತ್ತದೆ, ಅದಕ್ಕೇ ಹದಿನೈದು ದಿನಕ್ಕಾಗುವಷ್ಟೇ ಒಡೆಯಬೇಕು.

ಒಂದು ಲೋಟ ನುಚ್ಚಿಗೆ ಐದು ಲೋಟ ನೀರು, ಉಪ್ಪು. ರಾತ್ರಿಯೇ ನೆನೆಸಿದ್ದರಿಂದ ಬೆಳಿಗ್ಗೆ ಇಪ್ಪತ್ತು ನಿಮಿಷಕ್ಕೆ ಬೆಂದಿತು. ಕೊನೆಗೆ ಎರಡು ಚಮಚ ಮೊಳಕೆ ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹಾಕಿದೆ. ಬಿಸಿಗೆ ನೇರ ಸುರಿದರೆ ಗಂಟಾಗುತ್ತದೆ. ಐದು ನಿಮಿಷ ಕುದಿಸಿ, ಮೇಲೆ ಬೆಣ್ಣೆ ಹಾಕಿದೆ.

ಅಣ್ಣ ಎರಡನೇ ಸಲ ಬಡಿಸಿಕೊಂಡ. ಅತ್ತಿಗೆ ಮಾತಾಡಲಿಲ್ಲ. ಹೋದ ವಾರ ಫೋನ್ ಮಾಡಿದವರೇ, "ಜೋಳ ಬೇಯ್ತಿಲ್ಲ ಕಣಪ್ಪಾ, ಗೋಧಿ ಮಾತ್ರ ಬೆಂದಿದೆ" ಅಂದರು. ಜೋಳವನ್ನು ಇನ್ನೂ ಸ್ವಲ್ಪ ಸಣ್ಣಗೆ ಒಡೆಯಿರಿ ಅಂದೆ.